ಬೋನ್ಸಾಯ್ ತಟ್ಟೆಗೆ ಕಾಡಿನ ಮಣ್ಣೇಕೆ?

ಬೋನ್ಸಾಯ್ ಇಂದು ಕೇವಲ ಮಹಾನಗರದ ಸಿರಿವಂತರ ಹವ್ಯಾಸವಾಗಿ ಉಳಿದಿಲ್ಲ. ಲಾಲ್‌ಬಾಗಿನ ಬೋನ್ಸಾಯ್ ಉದ್ಯಾನವನ್ನೋ ಮೈಸೂರಿನ ದತ್ತ ಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನೋ ನೋಡಿ ಬಂದ ಹಳ್ಳಿಯ ವಿದ್ಯಾರ್ಥಿ ತನ್ನ ಅಂಗಳದಲ್ಲಿಯೂ ಒಂದು ಅರಳಿಯನ್ನು ತಟ್ಟೆಗಿಳಿಸಲು ಬಯಸುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಒಂದೇ ಮರವನ್ನು ಹತ್ತಾರು ವರ್ಷ ದಿನನಿತ್ಯ ನೋಡಿಕೊಳ್ಳುವವನು ಮರಗಳ ವೈರಿಯಾಗುವುದು ಕಷ್ಟ. ಪ್ರಶ್ನೆ ಇರುವುದು ಮರದ ಬಗೆಗಲ್ಲ, ಆ ತಟ್ಟೆಗೆ ತುಂಬುವ ಮಣ್ಣಿನ ಬಗೆಗೆ.

‘ಕಾಡಿನ ಮಣ್ಣು ತಂದು ಹಾಕಿದರೆ ಗಿಡ ಸೊಂಪಾಗಿ ಬರುತ್ತದೆ’ ಎಂಬುದು ಹಳ್ಳಿ–ಪಟ್ಟಣಗಳೆರಡರಲ್ಲಿಯೂ ಬೇರೂರಿರುವ ನಂಬಿಕೆ. ಈ ನಂಬಿಕೆಯ ಬೆನ್ನಿಗೇ ವ್ಯಾಪಾರವೂ ಬಂದಿದೆ. ನಗರದ ನರ್ಸರಿಗಳಲ್ಲಿ ಕಪ್ಪನೆಯ, ಹಗುರವಾದ, ಎಲೆ ಕೊಳೆತ ಮಣ್ಣಿನ ಚೀಲಗಳು ‘ಲೀಫ್ ಮೋಲ್ಡ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಅದು ಯಾವ ಗುಡ್ಡದ ಹಾಸು, ಯಾರು ಕೆರೆದು ತಂದದ್ದು ಎಂಬುದು ಚೀಲದ ಮೇಲೆ ಬರೆದಿರುವುದಿಲ್ಲ. ಕೊಳ್ಳುವವರು ಕೇಳುವುದೂ ಇಲ್ಲ. ಈ ನಂಬಿಕೆ ವಿಜ್ಞಾನಕ್ಕೆ ವಿರುದ್ಧವಾದುದು, ಪರಿಸರಕ್ಕೆ ಮಾರಕವಾದುದು. ಅಷ್ಟೇ ಅಲ್ಲ, ತ್ಯಾವಣಿಗೆಯಂತಹ ಊರಿನಲ್ಲಿ ಅದು ಅನಗತ್ಯವೂ ಹೌದು. ಬೋನ್ಸಾಯ್ ಮರಕ್ಕೆ ಬೇಕಾದ ಒಳ್ಳೆಯ ಮಿಶ್ರಣದ ಎಲ್ಲ ಸಾಮಗ್ರಿಯೂ ಅಲ್ಲಿ ಕಸವೆಂದು ಬಿದ್ದಿದೆ.

ಒಂದು ಗಾಡಿಗೆ ಎರಡು ಗುಂಟೆ

‘ಒಂದು ತಟ್ಟೆಗೆ ಎಷ್ಟು ಮಣ್ಣು ಬೇಕಾದೀತು? ಅಷ್ಟಕ್ಕೇ ಕಾಡು ಹಾಳಾಗುವುದೇ?’ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡುವುದು ಒಳಿತು. ಮೂವತ್ತು ಸೆಂಟಿಮೀಟರ್ ಉದ್ದ, ಇಪ್ಪತ್ತು ಸೆಂ.ಮೀ. ಅಗಲ, ಆರು ಸೆಂ.ಮೀ. ಆಳದ ತಟ್ಟೆ ಸುಮಾರು 3.6 ಲೀಟರ್ ಮಣ್ಣು ಹಿಡಿಯುತ್ತದೆ. ಇದು ಅಲ್ಪವೇ ಸರಿ. ಆದರೆ ವ್ಯಾಪಾರ ನಡೆಯುವುದು ತಟ್ಟೆಯ ಲೆಕ್ಕದಲ್ಲಲ್ಲ, ಗಾಡಿಯ ಲೆಕ್ಕದಲ್ಲಿ. ಕಾಡಿನಿಂದ ಕೆರೆಯುವುದು ಆಳದ ಮಣ್ಣನ್ನಲ್ಲ. ತರಗೆಲೆಯ ಕೆಳಗಿನ ಕಪ್ಪು ಹಾಸನ್ನು ಮಾತ್ರ. ಆ ಹಾಸು ಎರಡು ಸೆಂ.ಮೀ. ದಪ್ಪ ಎಂದು ಹಿಡಿದರೆ, ನಲವತ್ತು ಲೀಟರಿನ ಒಂದು ಚೀಲ ತುಂಬಲು ಎರಡು ಚದರ ಮೀಟರ್ ನೆಲ ಬೋಳಾಗಬೇಕು. ನೂರು ಚೀಲದ ಒಂದು ಗಾಡಿಗೆ ಇನ್ನೂರು ಚದರ ಮೀಟರ್. ಅಂದರೆ ಸರಿಸುಮಾರು ಎರಡು ಗುಂಟೆ ಕಾಡಿನ ಮೇಲ್ಚರ್ಮ.

ಮಲೆನಾಡಿನ ಓದುಗರು ಇಲ್ಲಿ ಸೊಪ್ಪಿನ ಬೆಟ್ಟದ ಮಾತೆತ್ತಬಹುದು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ರೂಢಿಯೇ ಇದೆಯಲ್ಲ, ಅಲ್ಲಿ ದರಕು ಗುಡಿಸುವುದಿಲ್ಲವೇ ಎಂದು. ಗುಡಿಸುತ್ತಾರೆ. ಆದರೆ ಆ ದರಕು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ, ಅದೇ ಬೆಟ್ಟದ ಬುಡದ ತೋಟಕ್ಕೆ ಇಳಿಯುತ್ತದೆ. ತೋಟದವನಿಗೆ ಬೆಟ್ಟ ಉಳಿಯಬೇಕೆಂಬ ಸ್ವಾರ್ಥವೂ ಇರುತ್ತದೆ. ಚೀಲಕ್ಕೆ ತುಂಬಿ ನಗರಕ್ಕೆ ಹೋದ ಮಣ್ಣು ಮರಳಿ ಬರುವುದಿಲ್ಲ. ತಟ್ಟೆಯಲ್ಲಿ ಎರಡು ವರ್ಷ ಇದ್ದು ನಗರದ ಕಸದ ಲಾರಿಯನ್ನೇರುತ್ತದೆ. ಒಂದೆರಡು ಅಂಗುಲ ಮೇಲ್ಮಣ್ಣು ಕೂಡಿಬರಲು ನೂರಾರು ವರ್ಷ ಬೇಕು ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು.

ಕಾನೂನಿನ ದೃಷ್ಟಿಯಲ್ಲಿಯೂ ಇದು ಯಾರದೂ ಅಲ್ಲದ ಸೊತ್ತಲ್ಲ. 1927ರ ಭಾರತೀಯ ಅರಣ್ಯ ಕಾಯಿದೆಯೂ 1963ರ ಕರ್ನಾಟಕ ಅರಣ್ಯ ಕಾಯಿದೆಯೂ ಕಾಡಿನ ಮೇಲ್ಮಣ್ಣನ್ನು ಅರಣ್ಯೋತ್ಪನ್ನವೆಂದೇ ಪರಿಗಣಿಸುತ್ತವೆ. ಮರದ ತುಂಡು ಸಾಗಿಸಿದರೆ ಹಿಡಿಯುವ ತನಿಖಾ ಠಾಣೆ ಮಣ್ಣಿನ ಚೀಲವನ್ನು ಗೊಬ್ಬರವೆಂದು ಬಿಟ್ಟುಬಿಟ್ಟರೆ ಅದು ಕಾಯಿದೆಯ ಕೊರತೆಯಲ್ಲ, ಕಣ್ಣಿನ ಕೊರತೆ.

ತಟ್ಟೆಯಲ್ಲಿ ಕಾಡು ಕೆಸರಾಗುತ್ತದೆ

ಇಷ್ಟು ಕೆಡಿಸಿ ತಂದ ಮಣ್ಣಿನಿಂದ ಮರಕ್ಕಾದರೂ ಹಿತವಾಗುವುದೇ? ಇಲ್ಲ. ಕಾಡಿನ ಮಣ್ಣು ಕಾಡಿನಲ್ಲಿ ಒಳ್ಳೆಯದಾಗಿರುವುದು ಅದರ ಕೆಳಗೆ ಆಳ ಇರುವುದರಿಂದ, ಎರೆಹುಳು–ಗೆದ್ದಲುಗಳು ಅದನ್ನು ಸದಾ ತೂತು ಕೊರೆಯುವುದರಿಂದ, ವರ್ಷವರ್ಷವೂ ಹೊಸ ತರಗೆಲೆ ಬೀಳುವುದರಿಂದ. ಈ ಮೂರೂ ಇಲ್ಲದ ಆರು ಸೆಂ.ಮೀ. ತಟ್ಟೆಯಲ್ಲಿ ಅದು ಕೆಲವೇ ತಿಂಗಳಲ್ಲಿ ಕುಸಿದು ಗಟ್ಟಿ ಕೆಸರಾಗುತ್ತದೆ.

ಇದರ ಕಾರಣವನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಪಾತ್ರೆ ತೊಳೆಯುವ ಒಂದು ಸ್ಪಂಜು ಸಾಕು. ಸ್ಪಂಜನ್ನು ನೀರಿನಲ್ಲಿ ಚೆನ್ನಾಗಿ ತೋಯಿಸಿ ಅಡ್ಡಲಾಗಿ ಹಿಡಿದರೆ ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಹಿಂಡದೆ ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಮತ್ತೆ ನೀರು ಇಳಿಯುತ್ತದೆ. ಸ್ಪಂಜು ಅದೇ, ಅದರ ರಂಧ್ರಗಳೂ ಅವೇ; ಬದಲಾದದ್ದು ಎತ್ತರ ಮಾತ್ರ. ಯಾವುದೇ ಕುಂಡದ ತಳದಲ್ಲಿಯೂ ಹೀಗೆ ಬಸಿಯದೆ ಉಳಿಯುವ ನೀರಿನ ಪದರವೊಂದು ಇರುತ್ತದೆ. ಆ ಪದರದ ಎತ್ತರ ನಿರ್ಧಾರವಾಗುವುದು ಮಣ್ಣಿನ ಕಣದ ಗಾತ್ರದಿಂದ, ಕುಂಡದ ಆಳದಿಂದಲ್ಲ. ಕಣ ಸಣ್ಣದಾದಷ್ಟೂ ಪದರ ಎತ್ತರ.

ಅಡಿಕೆ ಬೆಳೆಗಾರರಿಗೆ ಇದು ಸುಲಭವಾಗಿ ಅರ್ಥವಾದೀತು. ಅಡಿಕೆ ಸಸಿಯ ಪಾಲಿಥೀನ್ ಚೀಲಕ್ಕೆ ಏಳು ಪಾಲು ಮೇಲ್ಮಣ್ಣು, ಮೂರು ಪಾಲು ಕೊಟ್ಟಿಗೆ ಗೊಬ್ಬರ, ಎರಡು ಪಾಲು ಮರಳು ಎಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಆ ಚೀಲಕ್ಕೆ ಅದು ಸರಿಯಾದುದೇ. ತುಂಬಿದಾಗ ಚೀಲದ ಎತ್ತರ ಇಪ್ಪತ್ತೆರಡು ಸೆಂ.ಮೀ. ಆಸುಪಾಸು. ತಳದ ಐದು ಸೆಂ.ಮೀ. ನೀರಿನಲ್ಲಿ ನಿಂತರೂ ಮೇಲಿನ ಹದಿನೇಳು ಸೆಂ.ಮೀ.ಯಲ್ಲಿ ಬೇರು ಉಸಿರಾಡುತ್ತದೆ. ಅದೇ ಮಿಶ್ರಣವನ್ನು ಆರು ಸೆಂ.ಮೀ. ತಟ್ಟೆಗೆ ತುಂಬಿದರೆ ಬೇರಿಗೆ ಉಳಿಯುವುದು ಒಂದೇ ಸೆಂ.ಮೀ. ಗಾಳಿಯಾಡದ ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ಗಿಡ ಬಾಡಿತೆಂದು ಮತ್ತಷ್ಟು ನೀರು ಹಾಕಲಾಗುತ್ತದೆ, ಗಿಡ ಸಾಯುತ್ತದೆ. ಕೈಪಿಡಿಗಳಲ್ಲಿ ಕಣ್ಣುಮುಚ್ಚಿ ಬರೆಯುವ ‘ಮಣ್ಣು, ಮರಳು, ಗೊಬ್ಬರ ಸಮಪಾಲು’ ಎಂಬ ಸೂತ್ರವೂ ಇದೇ ತಪ್ಪನ್ನು ಮಾಡುತ್ತದೆ. ತಳದಲ್ಲಿ ಜಲ್ಲಿಕಲ್ಲು ಹಾಸಿದರೆ ನೀರು ಬಸಿಯುತ್ತದೆ ಎಂಬುದೂ ಭ್ರಮೆ. ನೀರಿನ ಪದರ ಕಲ್ಲಿನ ಮೇಲಕ್ಕೆ ಏರಿ ಕೂರುತ್ತದೆ, ಅಷ್ಟೇ.

ಇನ್ನು ಕಾಡಿನ ಮಣ್ಣಿನಲ್ಲಿರುವ ಜೀವಾಣುಗಳ ವಾದ. ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಗಳು ಮರಕ್ಕೆ ಬೇಕು ನಿಜ. ಆದರೆ ಆಲ, ಅರಳಿ, ಅತ್ತಿಗಳ ಸಂಗಾತಿ ಶಿಲೀಂಧ್ರಗಳು ಸಾಮಾನ್ಯ ತೋಟದ ಮಣ್ಣಿನಲ್ಲಿಯೇ ಇರುತ್ತವೆ. ಊರ ಕಟ್ಟೆಯ ಅರಳಿಯ ಬುಡದ ಒಂದು ಹಿಡಿ ಮಣ್ಣು ಸಾಕು. ಮೊಸರಿಗೆ ಹೆಪ್ಪು ಹಾಕಲು ಒಂದು ಚಮಚ ಮಜ್ಜಿಗೆ ಸಾಲುವಲ್ಲಿ ಕೊಡ ಏಕೆ?

ಜಪಾನಿನಿಂದ ಕಲಿಯಬೇಕಾದದ್ದು

ಕಾಡಿನ ಮಣ್ಣನ್ನು ಒಲ್ಲದ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಜಪಾನಿನ ‘ಅಕಡಾಮ’ ಇಲ್ಲದೆ ಬೋನ್ಸಾಯ್ ಇಲ್ಲವೆಂದು ಹಡಗಿನಲ್ಲಿ ಬಂದ ಮಣ್ಣಿಗೆ ದುಬಾರಿ ಬೆಲೆ ತೆರುತ್ತಾರೆ. ಅಕಡಾಮ ಎಂದರೇನು? ಜಪಾನಿನ ಕಾಂತೋ ಬಯಲಿನ ಕೆಳಗಿರುವ, ಜ್ವಾಲಾಮುಖಿಯ ಬೂದಿ ಶಿಥಿಲವಾಗಿ ಆದ ಹರಳು ಹರಳಾದ ಜೇಡಿ. ಅಲ್ಲಿನವರು ಅದನ್ನು ಬಳಸಿದ್ದು ಅದು ಪವಿತ್ರವೆಂದಲ್ಲ, ಕಾಲ ಕೆಳಗೆ ಇತ್ತೆಂದು. 1923ರ ಭೂಕಂಪದ ನಂತರ ಟೋಕಿಯೋದ ಬೋನ್ಸಾಯ್ ಬೆಳೆಗಾರರು ಊರು ಬಿಟ್ಟು 1925ರಲ್ಲಿ ಓಮಿಯಾದಲ್ಲಿ ತಮ್ಮದೇ ಹಳ್ಳಿ ಕಟ್ಟಿದಾಗ ನೋಡಿದ್ದೂ ಸ್ಥಳದ ಮಣ್ಣು, ನೀರು, ಗಾಳಿಗಳನ್ನೇ. ಜಪಾನಿನಿಂದ ತರಬೇಕಾದುದು ಈ ಬುದ್ಧಿಯನ್ನು, ಮಣ್ಣನ್ನಲ್ಲ.

ಬ್ರಿಟನ್ ಮೊದಲಾದ ದೇಶಗಳಲ್ಲಿ ಕುಂಡಗಳಿಗೆ ಪೀಟ್ ಬಳಸುವುದರ ವಿರುದ್ಧ ದೊಡ್ಡ ಚಳವಳಿಯೇ ನಡೆದಿದೆ. ಪೀಟ್ ಎಂಬುದು ಜೌಗು ನೆಲದಲ್ಲಿ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್‌ನಷ್ಟು ಮಾತ್ರ ಕೂಡಿಬರುವ ಪದರ. ಅದನ್ನು ಉಳಿಸಲೆಂದು ಅವರು ಕೊಳ್ಳುತ್ತಿರುವುದು ದಕ್ಷಿಣ ಭಾರತದ ತೆಂಗಿನ ನಾರಿನ ಪುಡಿಯನ್ನು. ಇಲ್ಲಿನ ಕಸ ಅಲ್ಲಿನ ಜೌಗನ್ನು ಉಳಿಸುತ್ತಿರುವಾಗ, ಅದೇ ಕಸ ಇಲ್ಲಿನ ಕಾಡನ್ನು ಉಳಿಸಲಾರದೇ?

ತ್ಯಾವಣಿಗೆಯ ಸುತ್ತ ಏನಿದೆ?

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಭದ್ರಾ ನಾಲೆಯ ನೀರುಣ್ಣುವ ಊರು. ಸುತ್ತ ಭತ್ತ, ಅಡಿಕೆ, ತೆಂಗು. ಒಂದೆಡೆ ಎರೆ, ಇನ್ನೊಂದೆಡೆ ಕೆಂಪು ನೆಲ. ಅದೇ ತಾಲ್ಲೂಕಿನಲ್ಲಿ ಸೂಳೆಕೆರೆ ಇದೆ, ಉಬ್ರಾಣಿಯ ಕಾಡಿದೆ. ಕಾಡಿಗೆ ಕೈ ಹಾಕದೆ ಈ ಊರಿನಲ್ಲಿ ದೊರೆಯುವುದೇನು ಎಂದು ಒಂದೊಂದಾಗಿ ನೋಡಬಹುದು.

ಮೊದಲನೆಯದು ಒಡೆದ ಇಟ್ಟಿಗೆ ಮತ್ತು ಹೆಂಚು. ಹಂಚಿನ ಮನೆಗಳು ಹೋಗಿ ತಾರಸಿ ಮನೆಗಳು ಏಳುತ್ತಿರುವ ಕಾಲ ಇದು. ಹೆಂಚಿನ ಚೂರು ಊರೂರಿನ ತಿಪ್ಪೆಯಲ್ಲಿದೆ. ಚೆನ್ನಾಗಿ ಬೆಂದ ಇಟ್ಟಿಗೆ ತನ್ನ ತೂಕದ ಶೇ. 15ರಿಂದ 20ರಷ್ಟು ನೀರನ್ನು ತನ್ನೊಳಗೇ ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಹರಳುಗಳ ನಡುವೆ ಗಾಳಿ, ಹರಳಿನೊಳಗೆ ನೀರು. ಅಕಡಾಮ ಮಾಡುವ ಕೆಲಸವೂ ಮುಖ್ಯವಾಗಿ ಇದೇ. ಆದರೆ ಇಟ್ಟಿಗೆ ಮಾಡುವುದಕ್ಕೂ ಹೊಲದ ಮೇಲ್ಮಣ್ಣೇ ಬೇಕಾದ್ದರಿಂದ ಹೊಸ ಇಟ್ಟಿಗೆ ಕೊಂಡು ಒಡೆಯುವುದು ಅವಿವೇಕ. ಒಡೆದುಹೋದದ್ದನ್ನು ಮಾತ್ರ ಬಳಸಬೇಕು. ಸುಣ್ಣ, ಸಿಮೆಂಟು ಮೆತ್ತಿದ ಚೂರು ಬೇಡ. ಅದು ಮಣ್ಣನ್ನು ಕ್ಷಾರವಾಗಿಸುತ್ತದೆ.

ಎರಡನೆಯದು ಗರಸು. ಹೊಲದ ಬದುವಿನಲ್ಲಿ, ಬಾವಿ ತೋಡಿದ ರಾಶಿಯಲ್ಲಿ ಸಿಗುವ ಗಟ್ಟಿ ಗರಸನ್ನು ತೊಳೆದು ಜರಡಿ ಹಿಡಿದರೆ ಮಿಶ್ರಣಕ್ಕೆ ತೂಕವೂ ಬಸಿಯುವ ಗುಣವೂ ಬರುತ್ತದೆ. ಇದಿರುವಾಗ ಹೊನ್ನಾಳಿಯ ತುಂಗಭದ್ರೆಯ ಮರಳನ್ನು ಮುಟ್ಟಬೇಕಾಗಿಲ್ಲ. ಹೊಳೆಯ ಮರಳಿನ ಬಹುಪಾಲು ಕಣಗಳು ತಟ್ಟೆಗೆ ತೀರ ಸಣ್ಣವು. ಹೊಳೆಗೂ ನಷ್ಟ, ಗಿಡಕ್ಕೂ ನಷ್ಟ.

ಮೂರನೆಯದು ಅಡಿಕೆ ಸಿಪ್ಪೆ ಮತ್ತು ತರಗೆಲೆ. ಸುಗ್ಗಿಯಲ್ಲಿ ಚನ್ನಗಿರಿ ಸೀಮೆಯ ರಸ್ತೆಗಳ ಇಕ್ಕೆಲದಲ್ಲಿ ಅಡಿಕೆ ಸಿಪ್ಪೆಯ ರಾಶಿ ಬೀಳುತ್ತದೆ, ಕೊನೆಗೆ ಹೊಗೆಯಾಡುತ್ತದೆ. ಬೆಳಗಾದರೆ ಬೀದಿಯಲ್ಲಿ, ಗುಡಿಯ ಮುಂದೆ, ಶಾಲೆಯ ಅಂಗಳದಲ್ಲಿ ಗುಡಿಸಿದ ಎಲೆಗೆ ಬೆಂಕಿ ಇಡಲಾಗುತ್ತದೆ. ಮನೆಯ ಮುಂದಿನ ಎಲೆಯನ್ನು ಸುಟ್ಟು ಕಾಡಿನ ಎಲೆಯನ್ನು ಕೆರೆದು ತರುವ ವಿವೇಕಕ್ಕೆ ಏನೆನ್ನಬೇಕು? ಎಲೆಯನ್ನು ನೆರಳಿನ ಗುಂಡಿಯಲ್ಲಿ ಹಾಕಿ ತೇವ ಕಾಪಾಡಿ ತಿಂಗಳಿಗೊಮ್ಮೆ ತಿರುವಿದರೆ ಆರು ತಿಂಗಳಿಂದ ಒಂದು ವರ್ಷದೊಳಗೆ ಕಾಡಿನ ಹಾಸಿಗೆ ಸರಿಸಾಟಿಯಾದ ಎಲೆಗೊಬ್ಬರ ಸಿದ್ಧ. ಅಡಿಕೆ ಸಿಪ್ಪೆ ನಾರಿನದು, ಮೊಂಡು. ಸಗಣಿ ನೀರು ಚಿಮುಕಿಸಿ ವರ್ಷ ಪೂರ್ತಿ ಕಳಿಯಲು ಬಿಡಬೇಕು.

ಇವಲ್ಲದೆ ಅಕ್ಕಿ ಗಿರಣಿಗಳ ಅರೆಸುಟ್ಟ ಕಪ್ಪು ಹೊಟ್ಟು ಇದೆ. ತೊಳೆದು ಹತ್ತನೆಯ ಒಂದು ಪಾಲಿನವರೆಗೆ ಸೇರಿಸಬಹುದು. ಬೆಳ್ಳಗಾದ ಬೂದಿ ಬೇಡ. ತೆಂಗಿನ ನಾರಿನ ಪುಡಿ ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುವುದರಿಂದ ಬೇಸಿಗೆಗೆ ಒಳ್ಳೆಯದು, ಮಳೆಗಾಲಕ್ಕೆ ಅಪಾಯ; ಉಪ್ಪು ಹೋಗುವಂತೆ ಎರಡು ಮೂರು ಬಾರಿ ತೊಳೆಯಲೇಬೇಕು. ಎರೆಮಣ್ಣು ಮಾತ್ರ ತಟ್ಟೆಗೆ ಸಲ್ಲದು. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿದು ಎಳೆಬೇರನ್ನು ಹರಿಯುತ್ತದೆ. ಕೆರೆಗೋಡು ಫಲವತ್ತಾದುದಾದರೂ ಜೇಡಿ ಹೆಚ್ಚು. ಅದರ ಜಾಗ ತಟ್ಟೆಯಲ್ಲ, ಹೊಲ. ಆದರೆ ಒಂದನ್ನು ಮರೆಯಬಾರದು. ಸೂಳೆಕೆರೆಗೆ ನೀರು ಹರಿಸುವ ಗುಡ್ಡಗಳ ಮೇಲಿನ ಹಾಸು ಕೆರೆದಷ್ಟೂ ಆ ಗುಡ್ಡದ ಮಣ್ಣು ಮಳೆಯೊಡನೆ ಕೆರೆಗೆ ಇಳಿದು ಹೂಳಾಗುತ್ತದೆ. ಕೆರೆಯಲ್ಲಿ ಹೂಳು ತೆಗೆಸಬೇಕೆಂದು ಕೂಗುತ್ತ, ಗುಡ್ಡದ ಹಾಸನ್ನು ಮಾರುವುದು ಒಂದೇ ಊರಿಗೆ ಸಲ್ಲದು.

ಮಿಶ್ರಣ ಸಿದ್ಧಪಡಿಸುವ ಕ್ರಮ

ಇಟ್ಟಿಗೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆರಳಿನಿಂದ ಉಜ್ಜಿ ನೋಡಬೇಕು. ಕೆಸರು ಬಿಟ್ಟರೆ ಅದು ಬೇಯದ ಇಟ್ಟಿಗೆ, ಬಿಸಾಡತಕ್ಕದ್ದು. ಬಡಿದಾಗ ಕಣಕಣ ಎನ್ನುವುದು ಒಳ್ಳೆಯದು. ಅದನ್ನು ಗೋಣಿಚೀಲದೊಳಗಿಟ್ಟು ಸುತ್ತಿಗೆಯಿಂದ ಒಡೆಯಬೇಕು. ದೂಳು ಶ್ವಾಸಕೋಶಕ್ಕೆ ಕೆಟ್ಟದಾದ್ದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಅಗತ್ಯ. ಹರಳಿನ ಗಾತ್ರಕ್ಕೆ ಅಡುಗೆಮನೆಯ ಅಳತೆಯೇ ಸಾಕು: ಕಡಲೆಬೇಳೆಗಿಂತ ದೊಡ್ಡದಿರಬಾರದು, ಸಾಸಿವೆಗಿಂತ ಚಿಕ್ಕದಿರಬಾರದು, ಜೋಳದ ಕಾಳಿನಷ್ಟಿದ್ದರೆ ಅತ್ಯುತ್ತಮ. ದೊಡ್ಡವು ಮರಳಿ ಸುತ್ತಿಗೆಗೆ ಹೋಗಲಿ. ಕಿಟಕಿಯ ಸೊಳ್ಳೆ ಜಾಲರಿಯಿಂದ ಕೆಳಗಿಳಿದ ಪುಡಿಯನ್ನು ಅಂಗಳಕ್ಕೆ ಚೆಲ್ಲಬಹುದು, ತಟ್ಟೆಗಲ್ಲ. ಗರಸಿಗೂ ಇದೇ ನಿಯಮ. ಈ ಜರಡಿಯ ಕೆಲಸ ಬೇಸರದ್ದು. ಆದರೆ ಇಡೀ ಮಿಶ್ರಣದ ಗುಟ್ಟು ಇರುವುದು ಇದರಲ್ಲೇ.

ಆಲ, ಅರಳಿ, ಬಸರಿ, ಅತ್ತಿಗಳಿಗೆ ಇಟ್ಟಿಗೆ ಹರಳು ಐದು ಪಾಲು, ಗರಸು ಮೂರು ಪಾಲು, ಜರಡಿ ಹಿಡಿದ ಎಲೆಗೊಬ್ಬರ ಎರಡು ಪಾಲು. ಹುಣಸೆ, ಬನ್ನಿಯಂತಹ ಒಣನಾಡಿನ ಮರಗಳಿಗೆ ಐದು, ನಾಲ್ಕು, ಒಂದು. ಈ ಲೆಕ್ಕ ಕಲ್ಲಿನ ಮೇಲಿನ ಶಾಸನವಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ. ತ್ಯಾವಣಿಗೆಯ ಬಯಲಿಗೆ ಬರುವುದು ಸುಮಾರು ಅದರ ಹತ್ತನೆಯ ಒಂದು ಪಾಲು. ಮಲೆನಾಡಿನವರು ಗೊಬ್ಬರದ ಪಾಲನ್ನು ಅರ್ಧಕ್ಕಿಳಿಸಿ ಇಟ್ಟಿಗೆಯನ್ನು ಹೆಚ್ಚಿಸಬೇಕು. ಬಯಲಿನವರು ಬೇಸಿಗೆಯಲ್ಲಿ ದಿನಕ್ಕೆರಡು ಬಾರಿ ನೀರು ಕೊಡಲು ಸಿದ್ಧರಿರಬೇಕು.

ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳು. ತೋಯಿಸಿದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಅದು ಉಂಡೆಯಾಗಿ ನಿಲ್ಲದೆ ಉದುರಬೇಕು. ತುಂಬಿದ ತಟ್ಟೆಗೆ ನೀರೆರೆದಾಗ ಹತ್ತು ಎಣಿಸುವುದರೊಳಗೆ ಮೇಲಿನ ನೀರು ಇಂಗಿ ಕೆಳಗೆ ಹರಿಯಬೇಕು. ಇಲ್ಲವಾದರೆ ಮತ್ತೆ ಜರಡಿಗೆ.

ಮಣ್ಣು ಬದಲಿಸುವ ಕಾಲ ಅರಳಿ, ಬಸರಿಗಳಿಗೆ ಹೊಸ ಚಿಗುರು ಒಡೆಯುವ ಮುನ್ನ. ಆಲ, ಗೋಣಿಗಳಿಗೆ ಮುಂಗಾರಿನ ಮೊದಲ ಮಳೆಯ ಹೊತ್ತು. ಇಟ್ಟಿಗೆಯಲ್ಲಿ ಆಹಾರವಿಲ್ಲವೆಂಬ ಆಕ್ಷೇಪ ಸರಿಯಾದುದೇ. ನೆನೆಸಿ ತೆಳುಮಾಡಿದ ಹೊಂಗೆ ಹಿಂಡಿಯ ತಿಳಿಯನ್ನು ಬೆಳೆಯುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಎರೆದರೆ ಆ ಕೊರತೆ ನೀಗುತ್ತದೆ. ಎರಡು ಮೂರು ವರ್ಷದ ನಂತರ ತಟ್ಟೆಯಿಂದ ತೆಗೆದ ಹರಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು ಮತ್ತೆ ಬಳಸಬಹುದು. ಕಾಡಿನ ಮಣ್ಣಿಗೆ ಈ ಮರುಜನ್ಮವಿಲ್ಲ.

ಆಗಬೇಕಾದದ್ದು

ಕಾಡಿನ ಹಾಸು ಕೆರೆಯುವ ಬಡ ಕೂಲಿಯ ಹೊಟ್ಟೆಪಾಡಿನ ಪ್ರಶ್ನೆಯನ್ನು ಮುಂದಿಟ್ಟು ಈ ವ್ಯಾಪಾರವನ್ನು ಸಮರ್ಥಿಸುವವರಿದ್ದಾರೆ. ಕೆರೆದವನಿಗೆ ಸಿಗುವುದು ದಿನಗೂಲಿ. ಬೆಲೆ ಸೇರುವುದು ಚೀಲ ಮಾರಿದವನಿಗೆ. ಹಾಸು ಮುಗಿದ ಮರುವರ್ಷ ಆ ಕೂಲಿಯೂ ಇಲ್ಲ. ಅಡಿಕೆ ಸಿಪ್ಪೆ ಕಳಿಸುವ, ಇಟ್ಟಿಗೆ ಹರಳು ಜರಡಿ ಹಿಡಿಯುವ ಕೆಲಸ ಪ್ರತಿವರ್ಷವೂ ಇರುತ್ತದೆ. ಊರಿನ ಸ್ವಸಹಾಯ ಸಂಘಗಳು ಇದನ್ನು ಕೈಗೆತ್ತಿಕೊಂಡರೆ ಚೀಲದ ಬೆಲೆ ಊರಿನಲ್ಲೇ ಉಳಿಯುತ್ತದೆ. ನಗರದವರು ಅಕಡಾಮಕ್ಕೆ ಕೊಡುವ ಬೆಲೆಯ ಒಂದಂಶ ಸಿಕ್ಕರೂ ಸಾಕು.

ಈ ಮಾತು ಬೋನ್ಸಾಯ್‌ಗೆ ಮಾತ್ರ ಸೀಮಿತವಲ್ಲ. ಎಕರೆಗೆ ಸುಮಾರು 550 ಅಡಿಕೆ ಸಸಿ, ಚೀಲಕ್ಕೆ ಒಂದೂವರೆ ಲೀಟರಿಗೂ ಮೇಲ್ಪಟ್ಟು ಮಿಶ್ರಣ, ಅದರಲ್ಲಿ ಹನ್ನೆರಡಕ್ಕೆ ಏಳು ಪಾಲು ಮೇಲ್ಮಣ್ಣು ಎಂದರೆ ಎಕರೆ ತೋಟದ ಸಸಿಗಳಿಗೇ ಅರ್ಧ ಘನ ಮೀಟರ್ ಮೇಲ್ಮಣ್ಣು ಬೇಕು. ಗದ್ದೆಗಳು ತೋಟವಾಗುತ್ತಿರುವ ಈ ಸೀಮೆಯಲ್ಲಿ ಆ ಮಣ್ಣು ತೋಟದವನ ಸ್ವಂತ ಹೊಲದ್ದೋ, ಗುಡ್ಡದ್ದೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಶಿಫಾರಸಿನಲ್ಲಿ ಇರುವುದು ‘ಮೇಲ್ಮಣ್ಣು’ ಎಂಬ ಪದ, ‘ಕಾಡಿನ ಮಣ್ಣು’ ಎಂದಲ್ಲ.

ಮಣ್ಣಿನ ಚೀಲದ ಮೇಲೆ ಮೂಲಸ್ಥಳವನ್ನು ನಮೂದಿಸುವುದು ಕಡ್ಡಾಯವಾಗಬೇಕು. ಅರಣ್ಯ ಇಲಾಖೆಯ ತನಿಖಾ ಠಾಣೆಗಳು ಮಣ್ಣಿನ ಗಾಡಿಗೂ ರಹದಾರಿ ಕೇಳಬೇಕು. ಲಾಲ್‌ಬಾಗಿನಿಂದ ದಾವಣಗೆರೆಯ ಗಾಜಿನ ಮನೆಯವರೆಗೆ ಎಲ್ಲೆಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆಯೋ ಅಲ್ಲೆಲ್ಲ ಬೋನ್ಸಾಯ್ ಸ್ಪರ್ಧೆಯ ಅರ್ಜಿಯಲ್ಲಿ ‘ಮಣ್ಣು ಎಲ್ಲಿಯದು?’ ಎಂಬ ಕಾಲಂ ಇರಬೇಕು. ಕಾಡಿನದು ಎಂದಾದರೆ ಬಹುಮಾನವಿಲ್ಲ ಎಂಬ ನಿಯಮವಿರಬೇಕು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೂ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವೂ ಅಡಿಕೆ ಸಿಪ್ಪೆ, ಇಟ್ಟಿಗೆ ಹರಳು, ಸುಟ್ಟ ಹೊಟ್ಟುಗಳ ಮಿಶ್ರಣಗಳನ್ನು ಪರೀಕ್ಷಿಸಿ ಕನ್ನಡದಲ್ಲಿ ಕರಪತ್ರ ಹೊರತರಬೇಕು. ಅದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಶಾಲೆಯ ಪರಿಸರ ಸಂಘದ ಮಕ್ಕಳು ಎರಡು ತಟ್ಟೆ, ಎರಡು ಅರಳಿ ಸಸಿ, ಒಂದು ಜರಡಿ ಹಿಡಿದು ಈ ಮುಂಗಾರಿನಲ್ಲೇ ಒಂದರಲ್ಲಿ ಅಂಗಳದ ಕೆಂಪು ಮಣ್ಣನ್ನೂ ಇನ್ನೊಂದರಲ್ಲಿ ಇಟ್ಟಿಗೆ ಹರಳಿನ ಮಿಶ್ರಣವನ್ನೂ ತುಂಬಿ ಬೆಳೆಸಬಹುದು. ಮುಂದಿನ ಯುಗಾದಿಗೆ ಎರಡೂ ಗಿಡಗಳ ಬೇರನ್ನು ತೊಳೆದು ಪಕ್ಕಪಕ್ಕದಲ್ಲಿಟ್ಟರೆ ಯಾವ ಮಣ್ಣು ಮೇಲೆಂಬುದನ್ನು ಊರವರೇ ನೋಡಿ ಹೇಳಿಯಾರು.